ಸಿದ್ದನ ಅವ್ವ ಕೊಟ್ಟ ಹಗ್ಗ

1944ನೇ ಇಸವಿ. ಸಂಕ್ರಾಂತಿ ಕಳೆದು ಒಂದೆರಡು ವಾರವಾಗಿತ್ತು. ಯುದ್ಧ ಇನ್ನೂ ನಡೆಯುತ್ತಿತ್ತು. ನನಗಾಗ ಇಪ್ಪತ್ತೆರಡು. ಮದ್ದೂರಿನಲ್ಲಿ ನಮ್ಮ ತಂದೆಯ ಸೈಕಲ್ ರಿಪೇರಿ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಈಗ ಎಂಬತ್ತು ದಾಟಿದೆ. ಈ ವಿಷಯವನ್ನು ಹೆಂಡತಿಗೂ ಹೇಳಿದವನಲ್ಲ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ, ಮನೆಯವರು ಮಲಗಿದ್ದೇನೆ ಅಂದುಕೊಂಡಿದ್ದಾರೆ.

ಆತಗೂರಿನ ಸಿದ್ದೇಗೌಡ ನನ್ನ ಜೊತೆ ಮಿಡ್ಲ್ ಸ್ಕೂಲಿನಲ್ಲಿ ಓದಿದವನು. ಒಕ್ಕಲು ಮನೆ, ತಂದೆ ಇರಲಿಲ್ಲ, ಅವ್ವ ಮತ್ತು ಇವನು ಇಬ್ಬರೇ. ಸುಗ್ಗಿ ಮುಗಿಯಿತೆಂದರೆ ಸಿದ್ದನಿಗೆ ಸೈಕಲ್ ಹುಚ್ಚು ಹಿಡಿಯುತ್ತಿತ್ತು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ದಾರಿ ಗುರುತು ಹಾಕಿಕೊಂಡು ಅಂಗಡಿಗೆ ಬರುತ್ತಿದ್ದ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ನೀರು ಸಿಗುತ್ತದೆ, ಎಲ್ಲವನ್ನೂ ಬರೆದಿರುತ್ತಿದ್ದ. ಶಿವನಸಮುದ್ರದ ದಾರಿ ಆಗಲೇ ಮುಗಿಸಿದ್ದೆವು. ಈ ಸಲ ಮುತ್ತತ್ತಿ. ಮಳವಳ್ಳಿ, ಹಲಗೂರು ದಾಟಿ ಕಾಡಿನೊಳಗೆ ಇಳಿದರೆ, ಎರಡೂ ಕಡೆ ಬೆಟ್ಟ ನಿಂತು ನಡುವೆ ಕಾವೇರಿ ಹರಿಯುವ ಕಣಿವೆ.

ಆಗ ರಬ್ಬರು ಸಿಗುತ್ತಿರಲಿಲ್ಲ. ಸೈಕಲ್ಲಿನ ಬ್ರೇಕಿಗೆ ಹಾಕುವ ರಬ್ಬರ್ ತುಂಡೂ ಇಲ್ಲ. ನಾನೊಂದು ಉಪಾಯ ಮಾಡಿದ್ದೆ. ಹಳೇ ಎಕ್ಕಡದ ಅಟ್ಟೆಯನ್ನು ಅಳತೆಗೆ ಕೊಯ್ದು, ಎರಡು ಪದರ ಹೊಲಿದು, ರಬ್ಬರಿನ ಜಾಗದಲ್ಲಿ ಕೂರಿಸುತ್ತಿದ್ದೆ. ಮದ್ದೂರಿಗೆಲ್ಲ ನನ್ನ ಚರ್ಮದ ಬ್ರೇಕು ಹೆಸರಾಗಿತ್ತು, ನನಗೂ ಅದರಿಂದ ತಲೆ ತಿರುಗಿತ್ತು. ಸಿದ್ದನ ಸೈಕಲ್ಲಿಗೂ ಅದನ್ನೇ ಹಾಕಿದ್ದೆ. ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಜೋಡಿ ರಬ್ಬರನ್ನು ಮಾತ್ರ ನನ್ನ ಸೈಕಲ್ಲಿಗೆ ಹಾಕಿಕೊಂಡಿದ್ದೆ.

ಹೊರಡುವ ದಿನ ಅವನನ್ನು ಕರೆದುಕೊಂಡು ಹೋಗಲು ಆತಗೂರಿಗೆ ಹೋದೆ. ಅವ್ವ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟರು. ಜೊತೆಗೆ ಕತ್ತಾಳೆ ನಾರಿನಲ್ಲಿ ತಾವೇ ಹೊಸೆದ ಒಂದು ಮಾರು ಹಗ್ಗ. ಆ ಕಾಡಿನಿಂದ ಬಿದಿರು ತರುವ ಗಾಡಿಯವರು ಇಳಿಜಾರಿನಲ್ಲಿ ಗಾಡಿಯ ಹಿಂದೆ ದಿಮ್ಮಿ ಕಟ್ಟಿ ಇಳಿಸುತ್ತಿದ್ದರು. ಸೈಕಲ್ಲಿನವರು ಅದೇ ರೀತಿ ಸೊಪ್ಪಿನ ಕೊಂಬೆ ಕಡಿದು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಕೊಂಬೆ ನೆಲಕ್ಕೆ ಉಜ್ಜಿ ಎಳೆಯುತ್ತಾ ಓಟವನ್ನು ತಡೆಯುತ್ತಿತ್ತು.

“ಕೊಂಬೆ ಕಟ್ಕೊಂಡೇ ಇಳೀಬೇಕು ಕಣ್ಲಾ, ಅಗ್ಗ ಮರೀಬ್ಯಾಡ” ಅಂದರು ಮಗನಿಗೆ. ನನ್ನ ಕಡೆ ತಿರುಗಿ, “ಕರೀಮ, ನೀನು ಸೈಕಲ್ ವಿದ್ಯೆ ಬಲ್ಲೋನು, ಇವನ್ನ ಒಸಿ ನೋಡ್ಕೊಳಪ್ಪ” ಅಂದರು.

“ನೀವು ಯೋಚ್ನೆ ಬುಡಿ ಅವ್ವ, ನಾನಿಲ್ವಾ” ಅಂದೆ.

ಹಲಗೂರಿನಲ್ಲಿ ತಂಗಿದ್ದು ಬೆಳಗ್ಗೆ ಕಾಡಿಗೆ ಇಳಿದೆವು. ಗಾಡಿ ಜಾಡು, ಪಾದ ಮುಳುಗುವಷ್ಟು ಧೂಳು. ಇಳಿಜಾರು ಶುರುವಾಗುವ ಕಡೆ ಸಿದ್ದ ನಿಂತು, ಸೊಪ್ಪು ದಟ್ಟವಾಗಿದ್ದ ಕೊಂಬೆ ಕಡಿದು, ಅವ್ವನ ಹಗ್ಗದಿಂದ ಬಿಗಿಯಾಗಿ ಕಟ್ಟಿದ. ನನಗೆ ರಬ್ಬರು ಇತ್ತಲ್ಲ, ನಾನು ಕಟ್ಟಲಿಲ್ಲ. ಜಾಡು ಕಿರಿದು, ಅವನು ಮುಂದೆ, ನಾನು ಹಿಂದೆ. ಆ ಕೊಂಬೆ ಎಬ್ಬಿಸಿದ ಧೂಳೆಲ್ಲ ನನ್ನ ಕಣ್ಣಿಗೆ, ಬಾಯಿಗೆ. ಹಾಡುತ್ತಾ ಇಳಿಯುತ್ತಿದ್ದ ಪುಣ್ಯಾತ್ಮ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅರ್ಧ ಇಳಿದ ಮೇಲೆ ಒಂದು ಹಳ್ಳ ಅಡ್ಡ ಬಂತು. ಮೊಣಕಾಲುದ್ದ ನೀರು. ಸೈಕಲ್ ತಳ್ಳಿಕೊಂಡು ದಾಟಿ ಆಚೆ ದಡದಲ್ಲಿ ರೊಟ್ಟಿ ತಿಂದೆವು. ಹೊರಡುವಾಗ ನಾನು ರೇಗಿದೆ.

“ಲೇ ಸಿದ್ದ, ನಿನ್ ಪೊರಕೆ ಬಿಚ್ಚಾಕ್ಲಾ. ದೂಳು ತಿಂದೂ ತಿಂದೂ ರೊಟ್ಟಿನೇ ಸೇರ್ತಿಲ್ಲ.”

“ಅವ್ವ ಏಳವ್ಳೆ ಕಣ್ಲಾ.”

“ಬ್ರೇಕ್ ಆಕಿರೋನು ನಾನಾ, ನಿಮ್ಮವ್ವನಾ? ನನ್ ಕೆಲ್ಸದ ಮ್ಯಾಲೆ ನಂಬ್ಕೆ ಇಲ್ದಿದ್ರೆ ಏಳ್ಬುಡು.”

ಅವನು ನಕ್ಕ. “ಆಯ್ತು ಬುಡ್ಲಾ, ಅದ್ಯಾಕಂಗೆ ಉರ್ಕೊತೀಯ” ಅಂತ ಕೊಂಬೆ ಬಿಚ್ಚಿ ಪಕ್ಕಕ್ಕೆ ಎಸೆದ. ಹಗ್ಗವನ್ನು ಎಸೆಯಲಿಲ್ಲ. ನೀಟಾಗಿ ಸುತ್ತಿ ಹ್ಯಾಂಡಲ್ಲಿಗೆ ಕಟ್ಟಿಕೊಂಡ.

ಹಳ್ಳ ದಾಟುವಾಗ ಸಿದ್ದನ ಬ್ರೇಕು ನೆನೆದಿತ್ತು. ನೆನೆದ ಚರ್ಮ ಜಾರುತ್ತದೆ. ಮದ್ದೂರಿನಲ್ಲಿ ಮಳೆ ಬಂದ ದಿನ ಗಿರಾಕಿಗಳು ಬಂದು ಬೈದು ಹೋಗಿದ್ದರು. ಅದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ.

ಎರಡನೇ ತಿರುವಿನಲ್ಲಿ ಸಿದ್ದನ ಸೈಕಲ್ಲು ನನ್ನಿಂದ ದೂರವಾಗತೊಡಗಿತು. “ಕರೀಮಾ, ಇಡೀತಿಲ್ಲ ಕಣ್ಲಾ!” ಅಂತ ಕೂಗಿದ. ಕಾಲು ಕೆಳಗೆ ಬಿಟ್ಟು ನೆಲಕ್ಕೆ ಉಜ್ಜಿದ, ಎಕ್ಕಡ ಹಾರಿಹೋಯಿತು. ಜಾಡು ಎಡಕ್ಕೆ ತಿರುಗಿತು, ಅವನು ತಿರುಗಲಿಲ್ಲ. ಬಿದಿರು ಮೆಳೆ ಮುರಿದ ಸದ್ದು, ಆಮೇಲೆ ಕೆಳಗೆ ಕಲ್ಲಿನ ಮೇಲೆ ಕಬ್ಬಿಣ ಬಿದ್ದ ಸದ್ದು.

ಕೈಯಲ್ಲಿ ಬೇರು ಹಿಡಿದು ಕಮರಿಗೆ ಇಳಿದೆ. ಬಂಡೆಯ ಮಗ್ಗುಲಲ್ಲಿ ಬಿದ್ದಿದ್ದ, ಉಸಿರಿತ್ತು, ಸೊಂಟದಿಂದ ಕೆಳಗೆ ಅಲುಗಾಡುತ್ತಿರಲಿಲ್ಲ. ಅಳುತ್ತಾ ಕೂಗಿಕೊಂಡೆ, ಅಲ್ಲಾಹನನ್ನೂ ಮುತ್ತತ್ತಿಯ ಹನುಮಪ್ಪನನ್ನೂ ಒಟ್ಟಿಗೇ ಕರೆದೆ. ಎಷ್ಟೋ ಹೊತ್ತಿನ ಮೇಲೆ ಬಿದಿರು ಕಡಿಯುವವರು ಮೂವರು ಬಂದರು.

“ಕೊಂಬೆ ಕಟ್ಕೊಂಡಿರ್ನಿಲ್ವಾ?” ಅಂತ ಕೇಳಿದ ಅವರಲ್ಲಿ ಹಿರಿಯವನು.

“ಇಲ್ಲ” ಅಂದೆ. ಬಾಯಿಂದ ತಾನಾಗಿ ಬಂತು.

“ಉಚ್ಚು ಮುಂಡೇದು” ಅಂದ ಅವನು.

ಅವರು ಸಿದ್ದನನ್ನು ಮೇಲಕ್ಕೆ ಹೊತ್ತರು. ನಾನು ಸೈಕಲ್ಲಿನ ಹತ್ತಿರ ಹೋದೆ. ಹ್ಯಾಂಡಲ್ಲಿನಲ್ಲಿ ಹಗ್ಗ ಹಾಗೇ ಇತ್ತು, ಗಂಟಿನಲ್ಲಿ ಒಂದೆರಡು ಹಸಿರೆಲೆ ಸಿಕ್ಕಿಕೊಂಡಿದ್ದವು. ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಕಟ್ಟಿ ಬಿಚ್ಚಿದ್ದು ಗೊತ್ತಾದೀತು ಅನ್ನುವ ಭಯ, ಇನ್ನೇನಿಲ್ಲ.

ಗಾಡಿಯಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಹಲಗೂರು ಇನ್ನೂ ದೂರವಿರುವಾಗ ಕಣ್ಣು ಬಿಟ್ಟ.

“ಕರೀಮ, ಅವ್ವನ ಅಗ್ಗ ಸೈಕಲ್ನಾಗೇ ಅದೆ, ತಕ್ಕೊಳ್ಲಾ. ಕಳುದ್ರೆ ಬೈತಾಳೆ.”

“ತಕ್ಕೊಂಡಿವ್ನಿ ಕಣ್ಲಾ, ಸುಮ್ನೆ ಮನೀಕೊ” ಅಂದೆ.

ಅದೇ ಅವನ ಕೊನೆಯ ಮಾತು. ಹಲಗೂರು ಸೇರುವಷ್ಟರಲ್ಲಿ ತೊಡೆಯ ಮೇಲಿನ ಭಾರ ಬೇರೆ ಆಗಿತ್ತು.

ಮಣ್ಣಾದ ಮೂರನೇ ದಿನ ಆತಗೂರಿಗೆ ಹೋದೆ. ಅವ್ವ ಗೋಡೆಗೆ ಒರಗಿ ಕೂತಿದ್ದರು. ಕಣ್ಣಲ್ಲಿ ನೀರು ಉಳಿದಿರಲಿಲ್ಲ.

“ನಿಜ ಏಳು ಮಗ. ನಾನು ಕೊಟ್ಟಿದ್ ಅಗ್ಗದಲ್ಲಿ ಕೊಂಬೆ ಕಟ್ನಿಲ್ವಾ ಅವನು?”

ಹಗ್ಗ ಆಗಲೂ ನನ್ನ ಜೇಬಿನಲ್ಲೇ ಇತ್ತು. ಬಾಯಿ ತೆರೆದೆ. ಸುತ್ತ ಅವರ ನೆಂಟರು ಕೂತಿದ್ದರು.

“ಇಲ್ಲ ಅವ್ವ. ನಾನು ಏಳ್ದೆ, ಕೇಳ್ನಿಲ್ಲ” ಅಂದುಬಿಟ್ಟೆ.

ಅವ್ವ ನನ್ನ ತಲೆ ಸವರಿ, “ನೀನೇನ್ ಮಾಡೀಯ ಬುಡಪ್ಪ” ಅಂದರು. ಆ ಕೈಯ ಬಿಸಿ ಇವತ್ತಿಗೂ ಇಳಿದಿಲ್ಲ.

ಆಮೇಲೆ ಅವರು ಇನ್ನೂ ಹದಿನಾರು ವರ್ಷ ಬದುಕಿದರು. ಹಬ್ಬ ಹರಿದಿನ ಬಂದರೆ ಹೋಗಿ ಬರುತ್ತಿದ್ದೆ, ನನಗೊಂದು ತಟ್ಟೆ ಎತ್ತಿಟ್ಟಿರುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂತ ಹೋಗುತ್ತಿದ್ದೆ, ಉಂಡು ಎದ್ದು ಬರುತ್ತಿದ್ದೆ. ಬೀದಿಯ ಹುಡುಗರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: “ನನ್ ಮಗ ಎತ್ತವ್ವನ ಮಾತ್ ಕೇಳ್ನಿಲ್ಲ, ಸತ್ತ. ನೀವಾರ ಕೇಳ್ರಪ್ಪ.” ಹಾಗೆ ಹೇಳುತ್ತಲೇ ಕಣ್ಣು ಮುಚ್ಚಿದರು.

ಆ ಹಗ್ಗ ನನ್ನ ಟ್ರಂಕಿನ ತಳದಲ್ಲಿದೆ. ಎಲೆ ಎಂದೋ ಪುಡಿಯಾಗಿ ಉದುರಿತು. ಕೇಳುವವರು ಯಾರೂ ಉಳಿದಿಲ್ಲ, ಆದರೂ ಬರೆಯುತ್ತೇನೆ. ಅವ್ವ, ಸಿದ್ದ ನಿಮ್ಮ ಮಾತು ಕೇಳಿದ್ದ. ಕೊಂಬೆ ಕಟ್ಟಿದ್ದ. ಆಮೇಲೆ ನನ್ನ ಮಾತನ್ನೂ ಕೇಳಿದ.