ಅಸ್ತರದ ರೆಕ್ಕೆ

ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಕಣ್ಣೆದುರೇ ಏಳುತ್ತಿದ್ದ ಕಾಲ ಅದು. ಸನತ್‌ನಗರದ ನಮ್ಮ ಓಣಿಯಲ್ಲಿ ಮಾತ್ರ ಇನ್ನೂ ಫ್ಯಾಕ್ಟರಿಯ ಸೈರನ್ ಕೇಳಿಯೇ ಒಲೆ ಹಚ್ಚುತ್ತಿದ್ದರು. ಅಪ್ಪ ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಅವ್ವ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಸೇಡಂ ಕಡೆಯಿಂದ ಈ ತೆಲುಗು ನಗರಕ್ಕೆ ಬಂದ ಅವಳಿಗೆ ನೀಲಮ್ಮ ಎಂಬ ಹೆಸರಿದೆ ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಟೈಲರಮ್ಮ.

ಆಗ ನಾನು ಒಂಬತ್ತನೇ ಕ್ಲಾಸು. ನನಗೆ ಇಬ್ಬರು ಗೆಳತಿಯರು. ಪಕ್ಕದ ಮನೆಯ ಸ್ವಪ್ನ ತೆಲುಗಿನವಳು, ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಲು ಬಾರದವಳು. ಇನ್ನೊಬ್ಬಳು ನಿತ್ಯಾ. ತಂದೆಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಮೈಸೂರಿನಿಂದ ಬಂದು ಆ ವರ್ಷವಷ್ಟೇ ನಮ್ಮ ಶಾಲೆ ಸೇರಿದ್ದಳು. ಮೊದಲ ವಾರ ನನ್ನ ಕಂಪಾಸ್ ಡಬ್ಬಿ ಕೈಜಾರಿ ಬಿದ್ದಾಗ "ಅಯ್ಯ ನಮ್ಮವ್ವ" ಎಂದಿದ್ದೆ. ಮುಂದಿನ ಬೆಂಚಿನಿಂದ ಅವಳು ತಿರುಗಿ ನೋಡಿದಳು.

"ನೀನು ಕನ್ನಡದವಳೇನೇ ಗಂಗಾ?"

ಹೊಸ್ತಿಲು ದಾಟಿದರೆ ತೆಲುಗು, ಅಂಗಡಿಗೆ ಹೋದರೆ ಹಿಂದಿ ಎಂದು ಬೆಳೆದವಳು ನಾನು. ಶಾಲೆಯಲ್ಲಿ ಮನೆಯ ಮಾತು ಕೇಳಿದಾಗ ಮೈಯೆಲ್ಲ ಹಗುರಾಯಿತು. ಅವಳು ನನ್ನ 'ಐತಿ'ಗೆ ನಗುತ್ತಿದ್ದಳು, ನಾನು ಅವಳ 'ಕಣೇ'ಗೆ ನಗುತ್ತಿದ್ದೆ. ಆ ನಗುವಿನಲ್ಲೇ ಸ್ನೇಹದ ಗಂಟು ಬಿತ್ತು.

ಅವರ ಮನೆಯ ಕಂಪ್ಯೂಟರಿನಲ್ಲಿ ನಾವು ಜಪಾನಿನ ಕಾರ್ಟೂನು ನೋಡುತ್ತಿದ್ದೆವು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ನಿತ್ಯಾ ನನಗೆ ಕನ್ನಡದಲ್ಲಿ ಹೇಳಬೇಕು, ಅದನ್ನು ನಾನು ಸ್ವಪ್ನಳಿಗೆ ತೆಲುಗಿನಲ್ಲಿ ಹೇಳಬೇಕು. ಅಷ್ಟರಲ್ಲಿ ಪರದೆಯ ಮೇಲೆ ಒಬ್ಬಿಬ್ಬರು ಸತ್ತೇ ಹೋಗಿರುತ್ತಿದ್ದರು. ನಮಗೆ ಪ್ರಾಣವಾಗಿದ್ದದ್ದು ಕೊಕ್ಕರೆಯ ರೆಕ್ಕೆ ಕಟ್ಟಿಕೊಂಡು ಕತ್ತಿ ಹಿಡಿದು ಹೊರಡುವ ಒಬ್ಬ ಹುಡುಗಿ.

ದಸರಾ ರಜೆಗೆ ಮುಂಚೆ ನಿತ್ಯಾ ಸುದ್ದಿ ತಂದಳು. ಮಾದಾಪುರದ ಒಂದು ದೊಡ್ಡ ಹಾಲಿನಲ್ಲಿ ಇಂಥ ಕಾರ್ಟೂನು ನೋಡುವವರೆಲ್ಲ ಸೇರುತ್ತಾರಂತೆ, ಪಾತ್ರಗಳ ವೇಷ ಹಾಕಿಕೊಂಡು ಬರುತ್ತಾರಂತೆ, ವೇಷಕ್ಕೆ ಸ್ಪರ್ಧೆಯೂ ಇದೆಯಂತೆ. ತನ್ನ ಹೆಸರು ಆಗಲೇ ಕೊಟ್ಟು ಬಂದಿದ್ದಳು.

ನಾನು ಕಾರ್ಟೂನು ನಿಲ್ಲಿಸಿ ನಿಲ್ಲಿಸಿ ಆ ಹುಡುಗಿಯ ಚಿತ್ರ ಬರೆದು ಅವ್ವನ ಮುಂದೆ ಹಿಡಿದೆ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಈ ಹುಡುಗಿ ಖರೇನ ಹಾರತಾಳೇನ?"

"ಹಾರ್ತಾಳೆ ಆಂಟಿ," ಎಂದಳು ನಿತ್ಯಾ.

"ಹಂಗಾದ್ರ ತೋಳಿನ ಹತ್ರ ಹೊಲಿಗಿ ಗಟ್ಟಿ ಇರಬೇಕು. ಮ್ಯಾಲ ಹೋದಾಗ ಬಿಚ್ಚಿದ್ರ ಏನ ಮಾಡೂದು?"

ಬ್ಲೌಸಿಗೆ ಒಳಗಿನಿಂದ ಕೊಡುವ ಅಸ್ತರದ ಬಟ್ಟೆಯ ತುಂಡುಗಳು ಮೂಟೆಗಟ್ಟಲೆ ಬಿದ್ದಿದ್ದವು. ಬಿಳಿಯವನ್ನೆಲ್ಲ ಆರಿಸಿ ಗರಿಯ ಆಕಾರಕ್ಕೆ ಕತ್ತರಿಸುವುದು ಸ್ವಪ್ನಳ ಮತ್ತು ನನ್ನ ಕೆಲಸ. ಪ್ರತಿ ಗರಿಗೂ ನಡುವೆ ದಾರದಲ್ಲಿ ಒಂದು ಬೆನ್ನೆಲುಬು ಹಾಕುವುದು ಅವ್ವನ ಕೆಲಸ. ಮಷೀನಿನ ಎಣ್ಣೆ, ಗೋಂದು, ಒಲೆಯ ಮೇಲೆ ಕುದಿಯುವ ಹಸಿ ಶೇಂಗಾ, ಇವುಗಳ ವಾಸನೆಯಲ್ಲಿ ಎರಡು ವಾರ ಕಳೆಯಿತು. ರವಿಕೆ ಕೇಳಲು ಬಂದವರನ್ನು ಅವ್ವ "ಹಬ್ಬ ಆದ ಮ್ಯಾಲ ಬರ್ರಿ" ಎಂದು ಸಾಗಹಾಕಿದಳು. ಹಬ್ಬದ ಮುಂದೆ ಅವಳು ಹಾಗೆ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ವೇಷ ಹಾಕುವ ಆಸೆ ನನಗೂ ಇತ್ತು. ಆದರೆ ಸ್ಟೇಜಿನ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ ಎಂದಾಗ ಆಸೆ ತಾನಾಗಿಯೇ ತಣ್ಣಗಾಯಿತು. ಕೊನೆಯ ದಿನ ನಿತ್ಯಾ ರೆಕ್ಕೆ ತೊಟ್ಟು ನಮ್ಮ ಮಾಳಿಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಿದಳು. ಕೆಳಗೆ ಬಂದವಳೇ ಅವ್ವನ ಪಕ್ಕ ನೆಲದ ಮೇಲೆ ಕೂತಳು.

"ಯಾರು ಮಾಡಿದ್ದು ಅಂತ ಕೇಳೇ ಕೇಳ್ತಾರೆ ಆಂಟಿ. ಮೊದಲು ನಿಮ್ಮ ಹೆಸರೇ ಹೇಳ್ತೀನಿ. ಆಮೇಲೆ ಗಂಗಾ, ಸ್ವಪ್ನ."

"ನಂದ್ಯಾಕವ್ವ?" ಎಂದಳು ಅವ್ವ. ಆದರೆ ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಬ್ಲೌಸಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡು, ನಮಗಿಂತ ಮೊದಲೇ ಬಸ್ ಸ್ಟಾಪಿನಲ್ಲಿ ನಿಂತಿದ್ದಳು.

ಆ ಹಾಲು ನಮ್ಮ ಓಣಿಯಷ್ಟು ಉದ್ದವಿತ್ತು. ನೀಲಿ ಕೂದಲಿನ ಹುಡುಗರು, ಬಾಲ ಕಟ್ಟಿಕೊಂಡ ಹುಡುಗಿಯರು, ಎಸಿಯ ತಂಪಿನಲ್ಲಿ ಪಾಪ್‌ಕಾರ್ನಿನ ಮತ್ತು ಸ್ಪ್ರೇ ಪೇಂಟಿನ ವಾಸನೆ. ಬಾಗಿಲಲ್ಲಿ ವಾಚ್‌ಮನ್ ಒಬ್ಬ ರಟ್ಟಿನ ಕತ್ತಿಗಳನ್ನು ಬಗ್ಗಿಸಿ ನೋಡಿ ಒಳಗೆ ಬಿಡುತ್ತಿದ್ದ.

"ಇವರೆಲ್ಲ ಯಾ ಊರವ್ರವ್ವ?" ಎಂದು ಅವ್ವ ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಹೆದರಿಕೆ ಹೋಯಿತು. ಕೊಂಬು ಇಟ್ಟುಕೊಂಡ ಅಪರಿಚಿತ ಹುಡುಗನೊಬ್ಬನನ್ನು ನಿಲ್ಲಿಸಿ, "ಅಂಚು ಬಿಚ್ಚೇತಿ, ನಿಂದ್ರು" ಎಂದು ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಅವನ ನಿಲುವಂಗಿಗೆ ಹೊಲಿಗೆ ಹಾಕಿದಳು. ಅವನಿಗೆ ಮಾತು ತಿಳಿಯಲಿಲ್ಲ, ಆದರೆ ಕದಲದೆ ನಿಂತ.

ನಿತ್ಯಾಳ ಸರದಿ ಬಂತು. ಅವಳು ಸ್ಟೇಜಿನ ನಡುವೆ ನಿಂತು ಎರಡೂ ತೋಳು ಬಿಚ್ಚಿದಳು. ದೀಪದ ಬೆಳಕಿಗೆ ಗರಿಗಳೆಲ್ಲ ಎದ್ದು ನಿಂತವು. ಹಾಲಿಗೆ ಹಾಲೇ ಕೂಗಿತು. ತೀರ್ಪುಗಾರರ ಪೈಕಿ ಒಬ್ಬ ಹೆಂಗಸು ಹತ್ತಿರ ಬಂದು ಒಂದು ಗರಿ ಹಿಡಿದು ನೋಡಿ, ಇದನ್ನು ಮಾಡಿದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಿತ್ಯಾ ಮೈಕ್ ತೆಗೆದುಕೊಂಡಳು. ನಾನೇ ಮಾಡಿದ್ದು ಎಂದಳು. ಎರಡು ವಾರ ಒಬ್ಬಳೇ ಕೂತು ಹೊಲಿದೆ, ಬೆನ್ನೆಲುಬಿನ ಹೊಲಿಗೆ ಇಂಟರ್‌ನೆಟ್ ನೋಡಿ ಕಲಿತೆ ಎಂದಳು. ಅಷ್ಟು ಇಂಗ್ಲಿಷ್ ನನಗೂ ಸ್ವಪ್ನಳಿಗೂ ತಿಳಿಯುತ್ತಿತ್ತು.

ಸ್ವಪ್ನ ಎದ್ದು ನಿಂತು "ಅಬದ್ಧಂ!" ಎಂದಳು. ಸುಳ್ಳು ಎಂದು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಲು ಬಾಯಿ ತೆರೆದವಳನ್ನು ನಾನು ರಟ್ಟೆ ಹಿಡಿದು ಕೂರಿಸಿದೆ. ಯಾಕೆಂದರೆ ಇನ್ನೊಂದು ಬದಿಯಲ್ಲಿ ಅವ್ವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

"ಏನಂದ್ಲು ಆಕಿ? ನನ್ನ ಹೆಸರ ಹೇಳಿದ್ಲೇನ?"

"ಹೇಳಿದ್ಲವ್ವ. ಮೊದಲ ನಿಂದ ಹೇಳಿದ್ಲು."

"ಟೈಲರಮ್ಮ ಅಂದ್ಲಾ, ನೀಲಮ್ಮ ಅಂದ್ಲಾ?"

"ನೀಲಮ್ಮ."

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಯಾರೋ ಹಿರಿಯರು ಎದುರಿಗೆ ಬಂದ ಹಾಗೆ.

ನಿತ್ಯಾಳಿಗೆ ಮೊದಲ ಬಹುಮಾನ ಬಂತು. ಅವಳು ನಮ್ಮ ಹತ್ತಿರ ಬರಲಿಲ್ಲ. ಗೆದ್ದವರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದವಳ ಕಣ್ಣು ಒಮ್ಮೆ ನನ್ನ ಮೇಲೆ ಬಿದ್ದು ಸರಿದು ಹೋಯಿತು. ನಾವು ಮೂವರೂ ಬಸ್ ಹಿಡಿದು ವಾಪಸು ಬಂದೆವು.

ಎರಡು ದಿನ ಬಿಟ್ಟು ಅವಳು ಕಪ್ ಹಿಡಿದು ಮನೆಗೆ ಬಂದಳು. ಅವ್ವ ಮಷೀನು ಬಿಟ್ಟು ಎದ್ದು ಅವಳ ಗಲ್ಲ ಸವರಿದಳು.

"ಅಷ್ಟ ಮಂದ್ಯಾಗ ನನ್ನ ಹೆಸರ ಹೇಳಿದಿಯಂತ. ಗಂಗಾ ಹೇಳಿದ್ಲು. ದೇವ್ರು ನಿನಗ ಭಾಳ ಚಲೋ ಮಾಡ್ಲಿ."

ನಿತ್ಯಾ ನನ್ನ ಮುಖ ನೋಡಿದಳು. ಈಗಲಾದರೂ ತಲೆ ತಗ್ಗಿಸುತ್ತಾಳೆ, ಅಳುತ್ತಾಳೆ, ಏನಾದರೂ ಆಗುತ್ತದೆ ಎಂದು ಕಾದೆ.

"ನಿಮ್ಮ ಹೆಸರು ಹೇಳದೆ ಇರ್ತೀನಾ ಆಂಟಿ?" ಎಂದಳು.

ಅವ್ವ ಅವಳಿಗೆ ಶೇಂಗಾ ಹೋಳಿಗೆ ಕೊಟ್ಟಳು. ಅವಳು ಎರಡು ತಿಂದಳು. ಬೀಳ್ಕೊಡಲು ಮೆಟ್ಟಿಲಿಳಿದಾಗ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಥ್ಯಾಂಕ್ಸ್ ಕಣೇ. ರೂಲ್ಸ್ ಹಾಗಿತ್ತು. ಬೇರೆಯವರು ಹೊಲಿದಿದ್ದು ಅಂದಿದ್ರೆ ಸ್ಪರ್ಧೆಯಿಂದಲೇ ತೆಗೀತಿದ್ರು."

"ಮೊದಲ ಗೊತ್ತಿತ್ತೇನ ನಿನಗ?"

"ಫಾರ್ಮ್ ತುಂಬುವಾಗಲೇ ಓದಿದ್ದೆ."

ಹಾಗಾದರೆ ಅವ್ವನ ಪಕ್ಕ ನೆಲದ ಮೇಲೆ ಕೂತು ಮಾತು ಕೊಟ್ಟಾಗಲೂ ಅವಳಿಗೆ ಗೊತ್ತಿತ್ತು. ಸ್ಟೇಜಿನ ಸುಳ್ಳನ್ನು, ಹೆದರಿ ಹೇಳಿದ್ದಳೆಂದು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಆ ಇನ್ನೊಂದು ಸುಳ್ಳನ್ನು ನುಂಗಿಕೊಳ್ಳಲು ಆಗಲಿಲ್ಲ.

ಶಾಲೆ ಶುರುವಾದ ಮೇಲೆ ನಾನು ಅವಳೊಂದಿಗೆ ಕನ್ನಡ ಬಿಟ್ಟು ತೆಲುಗಿನಲ್ಲಿ ಮಾತಾಡಿದೆ. ಮೊದಲು ನಕ್ಕಳು, ಆಮೇಲೆ ಅವಳಿಗೆ ಯಾಕೆಂದು ಅರ್ಥವಾಯಿತು. ಮುಂದಿನ ವರ್ಷ ಅವರು ಊರು ಬಿಟ್ಟರು. ಸ್ವಪ್ನ ಬಹಳ ದಿನ ನನ್ನ ಮೇಲೆಯೇ ಮುನಿಸಿಕೊಂಡಿದ್ದಳು, ಅವತ್ತು ರಟ್ಟೆ ಹಿಡಿದು ಕೂರಿಸಿದ್ದಕ್ಕೆ.

ನಿತ್ಯಾಳ ಮೇಲಿನ ಸಿಟ್ಟು ಆರಿದೆ ಎಂದು ಬರೆಯಬೇಕೆಂದಿದ್ದೆ. ಆರಿಲ್ಲ. ಆದರೆ ನಾನು ಕಳೆದುಕೊಂಡದ್ದು ಅವಳನ್ನಲ್ಲ. ಅದಕ್ಕೂ ಮೊದಲು ನಾನು ಶಾಲೆಯಿಂದ ಬಂದ ಕೂಡಲೇ ಮಷೀನಿನ ಪಕ್ಕ ಕೂತು ದಿನದ ಎಲ್ಲವನ್ನೂ ಅವ್ವನ ಮುಂದೆ ಸುರಿಯುತ್ತಿದ್ದೆ. ಯಾರು ಹೊಡೆದರು, ಯಾರು ಬೈದರು, ಎಲ್ಲಿ ಸೋತೆ, ಆದದ್ದನ್ನು ಆದ ಹಾಗೆ. ಅವತ್ತಿನ ನಂತರ ಅವ್ವನಿಗೆ ಏನು ಹೇಳಬೇಕು, ಏನು ಬೇಡ ಎಂದು ಆರಿಸತೊಡಗಿದೆ. ಪರೀಕ್ಷೆಯ ಸಂಗತಿ, ಆಮೇಲೆ ಮದುವೆಯ ಸಂಗತಿ. ಕಳೆದ ತಿಂಗಳು ನನ್ನ ಕೆಲಸ ಹೋದದ್ದನ್ನೂ ಹೇಳಿಲ್ಲ.

ಅವ್ವ ದಿನಾ ಸಂಜೆ ಫೋನ್ ಮಾಡುತ್ತಾಳೆ. "ಎಲ್ಲಾ ಬರೋಬ್ಬರಿ ಐತಿಲ್ಲವ್ವ?"

"ಐತವ್ವ," ಎನ್ನುತ್ತೇನೆ. ಅವಳು ನಂಬುತ್ತಾಳೆ.