ಶನಿವಾರದ ತಿಥಿ

ಕಪ್ಪು ಎಳ್ಳು ಹುರಿಯುವಾಗ ಮೊದಲು ವಾಸನೆ ಬರುವುದಿಲ್ಲ, ಸದ್ದು ಬರುತ್ತದೆ. ಚಟಪಟ ಅಂತ ನಾಲ್ಕು ಕಾಳು ಸಿಡಿದ ಮೇಲೆ, ಸೀದೇ ಹೋಯಿತೇನೋ ಅನ್ನಿಸುವ ಹೊತ್ತಿಗೆ, ಆ ಸ್ವಲ್ಪ ಕಹಿಯಾದ ಜಿಡ್ಡಿನ ವಾಸನೆ. ಕಳೆದ ತಿಂಗಳು ಚಟ್ನಿಪುಡಿಗೆಂದು ಬಾಣಲೆಗೆ ಎಳ್ಳು ಸುರಿದಾಗ ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದಲೇ ಇರಬೇಕು, ಒಲೆ ಆರಿಸಿ ಹಾಗೇ ನಿಂತುಬಿಟ್ಟೆ. ಎಷ್ಟೋ ವರ್ಷದ ಹಿಂದಿನ ಆ ಕಾರಿನಲ್ಲಿ ದೊಡ್ಡಮ್ಮ ಪಕ್ಕದ ಸೀಟಿನಲ್ಲಿ ಕೂತಿದ್ದಳು, ಹಣೆಯ ಮೇಲೆ ಬೆವರಿತ್ತು…

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನವೂ ಡೈರಿ ಬರೆಯುವವಳು ನಾನು, ಆದರೆ ಆ ಶನಿವಾರಕ್ಕೆ ಎರಡೇ ಸಾಲು ಬರೆದಿದ್ದೇನೆ: ರಸ್ತೆ ಮುಚ್ಚಿತ್ತು, ದೊಡ್ಡಮ್ಮ ಈಗ ಚೆನ್ನಾಗಿದ್ದಾಳೆ. ಮಿಕ್ಕದ್ದೆಲ್ಲ ತಲೆಯಲ್ಲೇ ಉಳಿದದ್ದು. ತಲೆಯಲ್ಲಿ ಉಳಿದದ್ದನ್ನು ಎಷ್ಟು ನಂಬಬೇಕೋ ನನಗೆ ಗೊತ್ತಿಲ್ಲ.

ಆಗ ನಾನು ಆನ್ ಆರ್ಬರಿನಲ್ಲಿ ಓದುತ್ತಿದ್ದೆ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಅಲ್ಲೇ ಹತ್ತಿರದ ನಾರ್ತ್‌ವಿಲ್‌ನಲ್ಲಿದ್ದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಹಿಂದಿನ ಚಳಿಗಾಲದಲ್ಲಿ ದೊಡ್ಡಪ್ಪ ಹೋಗಿದ್ದರು. ಅವರ ಮೊದಲ ವರ್ಷದ ಶ್ರಾದ್ಧ ಭಾನುವಾರ, ಶಿಕಾಗೋ ಬಳಿಯ ಓಕ್ ಬ್ರೂಕ್‌ನಲ್ಲಿ, ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಅಣ್ಣನ ಮನೆಯಲ್ಲಿ. ಅಣ್ಣ ಅಂದರೆ ದೊಡ್ಡಮ್ಮನ ಒಬ್ಬನೇ ಮಗ. ಶನಿವಾರ ಬಿರುಗಾಳಿ ಬರುತ್ತದೆಂದು ವಾರದಿಂದ ಹೇಳುತ್ತಲೇ ಇದ್ದರು. ಅದು ಕಳೆಯಲಿ, ಭಾನುವಾರ ಬೆಳಗಿನ ಜಾವ ಹೊರಟರಾಯಿತು ಅಂತ ನಾವಿಬ್ಬರೂ ನಿಶ್ಚಿಂತೆಯಿಂದ ಇದ್ದೆವು.

ಶುಕ್ರವಾರ ಸಂಜೆ ನಾನು ದೊಡ್ಡಮ್ಮನ ಮನೆಗೆ ಬಂದಿದ್ದಾಗ ಅಣ್ಣನ ಫೋನು ಬಂತು. ದೊಡ್ಡಮ್ಮ ಸ್ಪೀಕರ್‌ಗೆ ಹಾಕಿದಳು.

"ಅಮ್ಮ, ಪುರೋಹಿತರು ಫೋನ್ ಮಾಡಿದ್ರು. ನಮಗೆ ನಾಳೇನೇ ಅಂತೆ ತಿಥಿ. ಭಾನುವಾರ ಅಲ್ವಂತೆ."

ಅಡುಗೆಮನೆಯ ಗೋಡೆಯಲ್ಲಿ ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರ್ ಇತ್ತು. ಭಾನುವಾರದ ಚೌಕದಲ್ಲಿ ಪೆನ್ಸಿಲ್ ಗುರುತು. ಇಲ್ಲಿನ ಗಡಿಯಾರ ಹತ್ತೂವರೆ ಗಂಟೆ ಹಿಂದೆ, ಬೆಂಗಳೂರಿಗೆ ಭಾನುವಾರ ಮಧ್ಯಾಹ್ನ ಇರುವ ತಿಥಿ ಎಷ್ಟೋ ಸಲ ನಮಗೆ ಶನಿವಾರ ಮಧ್ಯಾಹ್ನಕ್ಕೇ ಬಂದುಬಿಟ್ಟಿರುತ್ತದೆ. ಇಷ್ಟು ವರ್ಷದಿಂದ ಈ ದೇಶದಲ್ಲಿರುವ ದೊಡ್ಡಮ್ಮನಿಗೆ ಅದು ಗೊತ್ತಿರದ ವಿಷಯವಲ್ಲ. ಆದರೂ ಗೋಡೆ ನೋಡಿ ಗುರುತು ಹಾಕಿದ್ದಳು.

"ನೀನು ಬರಬೇಡ ಅಮ್ಮ, ಸ್ನೋ ಜಾಸ್ತಿ ಇದೆ. ನಾನು ನೋಡ್ಕೋತೀನಿ."

"ನೀನು ನೋಡ್ಕೊಳೋದು ನಂಗೊತ್ತಿಲ್ವಾ? ಮಾಸಿಕ ಎಷ್ಟು ನೋಡ್ಕೊಂಡೆ?"

ಅಣ್ಣನಿಗೆ ಇದರಲ್ಲಿ ನಂಬಿಕೆಯಿರಲಿಲ್ಲ, ಅದನ್ನು ಮುಚ್ಚಿಟ್ಟವನೂ ಅಲ್ಲ. ಫೋನು ಇಟ್ಟ ಮೇಲೆ ದೊಡ್ಡಮ್ಮ ನನಗೆ ಹೇಳಿದಳು: "ನಾನು ಎದುರಿಗೆ ಇಲ್ದಿದ್ರೆ ಅವನು ಕೂರಲ್ಲ ಕಣೆ. ಒಂದ್ಸಲ ಕೂತುಬಿಡ್ಲಿ. ಅವರಪ್ಪನಿಗೆ ಒಂದೇ ಒಂದ್ಸಲ. ಆಮೇಲೆ ನಾನು ಕೇಳಲ್ಲ."

ಬೆಳಗ್ಗೆ ನಾನು ಏಳುವಷ್ಟರಲ್ಲಿ ಮನೆ ತುಂಬ ಎಳ್ಳಿನ ವಾಸನೆ. ದೊಡ್ಡಮ್ಮ ಸ್ನಾನ ಮಾಡಿ ಮಡಿಯಲ್ಲಿ ಎಳ್ಳುಂಡೆ ಕಟ್ಟಿದ್ದಳು. ಮಿಕ್ಕ ಅಡುಗೆ ಅತ್ತಿಗೆಗೆ ಬರುತ್ತಿತ್ತು, ಎಳ್ಳುಂಡೆ ಬರುತ್ತಿರಲಿಲ್ಲ. ಸ್ಟೀಲ್ ಡಬ್ಬಿಯನ್ನು ದೊಡ್ಡಪ್ಪನ ಕಂದು ಬಣ್ಣದ ಉಣ್ಣೆಯ ಶಾಲಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿಟ್ಟು, ಅದಕ್ಕೆ ಸೀಟ್‌ಬೆಲ್ಟ್ ಕೂಡ ಹಾಕಿದಳು.

"ಕಾರಲ್ಲಿ ಎಂಥ ಮಡಿ ದೊಡ್ಡಮ್ಮ? ಆ ಸೀಟ್ ಮೇಲೆ ನಾನೇ ಕಾಫಿ ಚೆಲ್ಲಿದೀನಿ."

"ಉಣ್ಣೆಗೆ ಮೈಲಿಗೆ ಇಲ್ಲ. ನೀನು ಮುಂದೆ ನೋಡ್ಕೊಂಡು ಡ್ರೈವ್ ಮಾಡು."

ಬೆಳಕು ಹರಿಯುವ ಮೊದಲೇ ಹೊರಟಿದ್ದೆವು. ಜ್ಯಾಕ್ಸನ್ ದಾಟುವವರೆಗೆ ಬರೀ ಒದ್ದೆ ರಸ್ತೆ. ಕ್ಯಾಲಮಝೂ ಕಳೆದ ಮೇಲೆ ಶುರುವಾಯಿತು. ಆ ಕಡೆ, ಪಶ್ಚಿಮಕ್ಕಿರುವ ದೊಡ್ಡ ಸರೋವರದ ಮೇಲಿಂದ ಬರುವ ಹಿಮ ಮೇಲಿನಿಂದ ಬೀಳುವುದಿಲ್ಲ, ಅಡ್ಡಕ್ಕೆ ಬೀಸುತ್ತದೆ. ಮುಂದಿನ ಟ್ರಕ್ಕಿನ ಕೆಂಪು ದೀಪ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿತ್ತು. ಆಮೇಲೆ ಆ ದೀಪ ನಿಂತಿತು. ನಾನೂ ನಿಂತೆ. ಎಷ್ಟೋ ಮುಂದೆ ಲಾರಿಗಳು ಒಂದಕ್ಕೊಂದು ಗುದ್ದಿಕೊಂಡಿದ್ದವೆಂದು ರೇಡಿಯೋದಿಂದ ತಿಳಿಯಿತು. ಹೆದ್ದಾರಿ ಮುಚ್ಚಿದ್ದರು. ಹಿಂದಿನ ಎಕ್ಸಿಟ್‌ಗೆ ಮರಳುವ ಹಾಗಿಲ್ಲ, ಮುಂದಿನದಕ್ಕೆ ತಲುಪುವ ಹಾಗಿಲ್ಲ.

ಮೊದಲ ಗಂಟೆ ಮಾತಾಡುತ್ತಿದ್ದೆವು. ಎರಡನೆಯದರಲ್ಲಿ ಮಾತು ಕಮ್ಮಿಯಾಯಿತು. ಪೆಟ್ರೋಲು ಉಳಿಸಲು ಎಂಜಿನ್ ಆರಿಸುತ್ತಿದ್ದೆ. ಆರಿಸಿದೊಡನೆ ಗಾಜಿನ ಮೇಲೆ ಬಿಳಿ ಕೂರುತ್ತಿತ್ತು, ಪಕ್ಕದ ಗಾಜು, ಹಿಂದಿನ ಗಾಜು, ಕೊನೆಗೆ ಎದುರಿನದು. ಒಳಗೆ ಹಾಲಿನ ಬಣ್ಣದ ಬೆಳಕು. ಹೊರಗೆ ಜಗತ್ತಿದೆ ಅನ್ನುವುದಕ್ಕೆ ಗಾಳಿ ಕಾರನ್ನು ಅಲ್ಲಾಡಿಸುವುದೊಂದೇ ಗುರುತು. ನಡುನಡುವೆ ಇಳಿದು ಸೈಲೆನ್ಸರ್ ಕೊಳವೆಯ ಸುತ್ತ ಹಿಮ ಕೆರೆದು ಬರುತ್ತಿದ್ದೆ. ಅದು ಮುಚ್ಚಿಕೊಂಡರೆ ಹೊಗೆ ಒಳಕ್ಕೆ ಬರುತ್ತದೆ. ಒಮ್ಮೆ ಬಾಗಿಲು ತೆರೆಯಲು ಭುಜ ಕೊಟ್ಟು ನೂಕಬೇಕಾಯಿತು.

ಹಾಗೆ ಒಮ್ಮೆ ಒಳಗೆ ಬಂದು ಕೂತಾಗ ದೊಡ್ಡಮ್ಮನ ಹಣೆಯ ಮೇಲೆ ಬೆವರು ಕಂಡಿತು. ಅಷ್ಟು ಚಳಿಯಲ್ಲಿ. ಕೈ ನಡುಗುತ್ತಿತ್ತು.

"ದೊಡ್ಡಮ್ಮ, ಬೆಳಗ್ಗೆ ಮಾತ್ರೆ ತೊಗೊಂಡ್ಯಾ?"

"ಕೈಗೆ ಅಭ್ಯಾಸ ಕಣೆ. ನುಂಗಿದ್ಮೇಲೆ ನೆನಪಾಯ್ತು, ಇವತ್ತು ಉಪವಾಸ ಅಂತ."

ಸಕ್ಕರೆ ಕಾಯಿಲೆಯ ಮಾತ್ರೆ ಹೊಟ್ಟೆಯಲ್ಲಿ, ಬೇರೇನೂ ಇಲ್ಲ. ಶ್ರಾದ್ಧ ಮುಗಿಯುವವರೆಗೆ ಅವಳು ತಿನ್ನುವಂತಿಲ್ಲ. ನನ್ನ ಚೀಲದಲ್ಲಿದ್ದ ಚಿಪ್ಸು, ಬಿಸ್ಕತ್ತು ನಾನು ಆಗಲೇ ಮುಗಿಸಿದ್ದೆ. 911ಕ್ಕೆ ಫೋನ್ ಮಾಡಿದೆ. ಯಾರೂ ಈಗ ಅಲ್ಲಿಗೆ ಬರಲಾಗುವುದಿಲ್ಲ, ಕಾರಿನಲ್ಲೇ ಇರಿ, ಏನಾದರೂ ಸಿಹಿ ತಿನ್ನಿಸಿ ಅಂದರು. ಸಿಹಿ ಹಿಂದಿನ ಸೀಟಿನಲ್ಲಿತ್ತು, ಎಳ್ಳು ಮತ್ತು ಬೆಲ್ಲ, ಒಂದು ಡಬ್ಬಿ ತುಂಬ.

"ಒಂದೇ ಒಂದು ತಿನ್ನು ದೊಡ್ಡಮ್ಮ."

"ಎಡೆಗೆ ಇಡೋದಕ್ಕೆ ಮುಂಚೆ? ಹುಚ್ಚಾ ನಿನಗೆ?"

"ಶುಗರ್ ಇಳೀತಿದೆ ನಿನಗೆ."

"ನನಗೇ ಪಾಠ ಹೇಳ್ತೀಯಾ? ಊರೋರ ಶುಗರ್ ಎಲ್ಲ ನೋಡ್ದೋಳು ನಾನು." ನಕ್ಕಳು, ಆದರೆ ಮಾತು ತೊದಲಿತು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಅಮ್ಮನ ಹೆಸರಿನಿಂದ ಕರೆದಳು. "ಕಿಟಕಿ ತೆಗಿಯೇ, ಸೆಖೆ" ಅಂದಳು.

ನನಗೆ ಅಳು ಬಂತು. ಬಲವಂತವಾಗಿ ಬಾಯಿಗೆ ತುರುಕೋಣ ಅನ್ನಿಸಿತು. ಅಣ್ಣನಿಗೆ ಫೋನ್ ಮಾಡಿ, ಇಂಗ್ಲಿಷಿನಲ್ಲಿ, ಅವಳಿಗೆ ತಿಳಿಯಬಾರದು ಎನ್ನುವಂತೆ ಬಡಬಡ ಹೇಳಿದೆ. ಅವಳಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು. "ಅಮ್ಮನಿಗೆ ಕೊಡು" ಅಂದ ಅವನು.

"ಅಮ್ಮ, ಮುಗೀತು. ನೀನು ತಿನ್ನು."

"ಏನು ಮುಗೀತು?"

"ಪುರೋಹಿತರು ಬೇಗ ಬಂದ್ರು, ಸ್ನೋ ಜಾಸ್ತಿ ಆಗತ್ತೆ ಅಂತ. ಕೂತೆ. ಪಿಂಡ ಇಟ್ಟಾಯ್ತು. ತಿನ್ನು ಅಮ್ಮ, ಪ್ಲೀಸ್."

ದೊಡ್ಡಮ್ಮ ಕಾರಿನ ಗಡಿಯಾರದ ಕಡೆ ನೋಡಿದಳು. ಹನ್ನೆರಡೂವರೆಯೋ ಏನೋ. ಶಿಕಾಗೋ ನಮಗಿಂತ ಒಂದು ಗಂಟೆ ಹಿಂದೆ, ಅಲ್ಲಿನ್ನೂ ಹನ್ನೊಂದೂವರೆ. ಶ್ರಾದ್ಧಕ್ಕೆ ಕೂರುವುದೇ ಮಧ್ಯಾಹ್ನ ತಿರುಗಿದ ಮೇಲೆ. ಇದು ನನಗೆ ಗೊತ್ತಿರಲಿಲ್ಲ, ಆಮೇಲೆ ತಿಳಿದದ್ದು. ಅವಳಿಗೆ ಗೊತ್ತಿತ್ತು. ಅಥವಾ ಅವಳು ಗಡಿಯಾರ ನೋಡಲೇ ಇಲ್ಲವೋ, ಸುಮ್ಮನೆ ಎದುರಿನ ಬಿಳಿ ಗಾಜು ನೋಡುತ್ತಿದ್ದಳೋ. ಗಡಿಯಾರವನ್ನು ನಾನು ಎಷ್ಟೋ ವರ್ಷದ ಮೇಲೆ ಈ ದೃಶ್ಯಕ್ಕೆ ಸೇರಿಸಿಕೊಂಡೆನೇನೋ… ತಲೆ ಮಂಕಾಗಿದ್ದವಳಿಗೆ ಗಂಟೆಯ ಲೆಕ್ಕ ಹತ್ತಿತೇ ಅಂತಲೂ ಕೇಳಿಕೊಂಡಿದ್ದೇನೆ.

"ಆಯ್ತಪ್ಪ" ಅಂದಳು. ಧ್ವನಿ ಮೃದುವಾಗಿತ್ತು. "ಸುಸ್ತಾಗಿರ್ತೀಯ. ನೀನೂ ಊಟ ಮಾಡು."

ಡಬ್ಬಿ ತೆಗೆಯಲು ಅವಳ ಕೈಲಿ ಆಗಲಿಲ್ಲ. ನಾನು ತೆಗೆದೆ. ಮುಟ್ಟಬೇಡ ಅನ್ನಲಿಲ್ಲ. ಎಳ್ಳುಂಡೆ ಚಳಿಗೆ ಕಲ್ಲಿನಂತಾಗಿತ್ತು. ಡಬ್ಬಿಯ ಮುಚ್ಚಳದ ಮೇಲೆ ನೀರಿನ ಬಾಟಲಿಯಿಂದ ಕುಟ್ಟಿ ಪುಡಿ ಮಾಡಿ, ನೀರಿನ ಜೊತೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟೆ. ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಎಷ್ಟು ಹೊತ್ತಾಯಿತೋ, ನಡುಕ ನಿಂತಿತು. ಬರಿದಾದ ಶಾಲನ್ನು ತೆಗೆದು ನಮ್ಮಿಬ್ಬರ ಮೊಣಕಾಲ ಮೇಲೆ ಹರಡಿದಳು.

"ಬೆಲ್ಲ ಒಂಚೂರು ಕಮ್ಮಿ ಆಯ್ತಲ್ವೇನೆ?" ಅಂದಳು.

ಹಿಮ ತೆಗೆಯುವ ಗಾಡಿ ಬಂದು, ಒಂದೊಂದೇ ಕಾರು ಬಿಡಿಸಿ, ನಾವು ಓಕ್ ಬ್ರೂಕ್ ತಲುಪಿದಾಗ ದೀಪ ಹಚ್ಚುವ ಹೊತ್ತು. ಅಣ್ಣ ಬಾಗಿಲಲ್ಲೇ ನಿಂತಿದ್ದ. ಅವನ ತಲೆ ಒದ್ದೆಯಾಗಿತ್ತು. ಮಿಂದಿದ್ದನೋ, ಡ್ರೈವ್‌ವೇ ಹಿಮ ಎತ್ತಿ ಬಂದಿದ್ದನೋ. ದೊಡ್ಡಮ್ಮ ಅವನ ಕೆನ್ನೆ ಸವರಿ ಒಳಗೆ ಹೋದಳು. ಪುರೋಹಿತರು ಯಾವಾಗ ಬಂದರು, ಯಾರು ಬಡಿಸಿದರು, ಒಂದನ್ನೂ ಕೇಳಲಿಲ್ಲ. ಅತ್ತಿಗೆ ನನ್ನ ಮುಖ ನೋಡದೆ ತಟ್ಟೆ ಹಾಕಿದಳು… ಹಾಗಂತ ನನಗೆ ಅನ್ನಿಸುತ್ತದೆ. ಅತ್ತಿಗೆ ಸಾಮಾನ್ಯವಾಗಿ ಯಾರ ಮುಖವನ್ನೂ ನೋಡುವವಳಲ್ಲ.

ಮರುದಿನ ಭಾನುವಾರ, ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತಿದ್ದ ದಿನ. ಎಲ್ಲರೂ ತಿಂಡಿಗೆ ಕೂತಾಗ ದೊಡ್ಡಮ್ಮ ಕಿಟಕಿಯ ಬಳಿ ಕೂತಿದ್ದಳು.

"ನೀನು ತಿನ್ನಲ್ವಾ?"

"ಹೊಟ್ಟೆ ಭಾರ." ನಾನು ನೋಡುತ್ತಲೇ ಇದ್ದದ್ದಕ್ಕೆ ಸಣ್ಣ ದನಿಯಲ್ಲಿ ಸೇರಿಸಿದಳು: "ಹೆದರ್ಕೋಬೇಡ್ವೇ, ಇವತ್ತು ಮಾತ್ರೆ ತೊಗೊಂಡಿಲ್ಲ."

ಮಧ್ಯಾಹ್ನ ಬಹಳ ಹೊತ್ತಾಗುವವರೆಗೂ ಅವಳು ಏನೂ ತಿನ್ನಲಿಲ್ಲ. ಇದು ಮಾತ್ರ ಖಂಡಿತ ನಡೆದದ್ದು, ಇದರ ಮೇಲೆ ನಾನು ಪ್ರಮಾಣ ಮಾಡಬಲ್ಲೆ.

ಮುಂದಿನ ವರ್ಷಗಳಲ್ಲಿ ಅವಳು ಕೊಟ್ಟ ಮಾತಿನಂತೆ ಮಗನನ್ನು ಮತ್ತೆ ಕೇಳಲಿಲ್ಲ. ದೊಡ್ಡಪ್ಪನ ದಿನ ದೇವಸ್ಥಾನಕ್ಕೆ ಅಕ್ಕಿ, ಬೇಳೆ ಕೊಟ್ಟು ಬರುತ್ತಿದ್ದಳು. ನಾನು ಓದು ಮುಗಿಸಿ ಶಿಕಾಗೋ ಕಡೆಗೆ ಬಂದೆ, ಫೋನಿನಲ್ಲಿ ಮಾತಾಡುವುದೇ ಹೆಚ್ಚಾಯಿತು. ಆ ಕಾರಿನ ಮಾತು ಬಂದರೆ "ನೀನು ಅತ್ತಿದ್ದೆ" ಅಂತ ನಗುತ್ತಿದ್ದಳು. ಮಿಕ್ಕದ್ದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಮುಂದೆ ಕೇಳಿದರಾಯಿತು ಅಂದುಕೊಂಡೆ. ಕಳೆದ ಬೇಸಿಗೆಯಲ್ಲಿ ಅವಳು ನಿದ್ದೆಯಲ್ಲೇ ಹೋದಳು. ಮೈಲಿಗಟ್ಟಲೆ ಬಿಳಿಯ ನಡುವೆ ಆ ಡಬ್ಬಿಯಂಥ ಕಾರಿನಲ್ಲಿ ಅವಳ ಜೊತೆ ಕೂತಿದ್ದವಳು ನಾನೊಬ್ಬಳೇ. ಈಗ ಒಬ್ಬಳೇ ಕೂತಿದ್ದೇನೆ.

ಅಣ್ಣ ಈಗ ತಿಂಗಳು ತಿಂಗಳೂ ಅವಳ ಮಾಸಿಕಕ್ಕೆ ಕೂರುತ್ತಾನೆ, ಒಂದನ್ನೂ ಬಿಟ್ಟಿಲ್ಲ. ಹಿಂದಿನ ಮಾಸಿಕದ ದಿನ ನಾನೂ ಹೋಗಿದ್ದೆ. ಊಟವಾದ ಮೇಲೆ ಅವನು ಗರಾಜಿನಲ್ಲಿ ಬೂಟಿನ ಹಿಮ ಕೊಡವುತ್ತಿದ್ದಾಗ ಹತ್ತಿರ ಹೋಗಿ ನಿಂತೆ.

"ಅಣ್ಣಾ, ಅವತ್ತು ನೀನು ನಿಜವಾಗ್ಲೂ ಕೂತಿದ್ಯಾ?"

ಅವನು ಇನ್ನೊಂದು ಬೂಟನ್ನೂ ಎತ್ತಿಕೊಂಡು ಕೊಡವಿದ. ಕೊಡವುವುದಕ್ಕೆ ಅದರಲ್ಲಿ ಹಿಮವಿರಲಿಲ್ಲ.