ಪಂಚಮಿಗೆ ಬಾರದವಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ನಾಲ್ಕೂ ತಾಲೂಕುಗಳ ಧೂಳು ನನ್ನ ಚಪ್ಪಲಿಗೆ ಅಂಟಿದೆ. ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಮನೆಯಲ್ಲಿ ಸುಮ್ಮನೆ ಕೂರಲಾರದೆ ಸಮೀಕ್ಷೆಯ ಕೆಲಸಕ್ಕೆ ಸೇರಿದೆ. ದುಡಿಮೆಯ ಆಸೆ ತೋರಿಸಿ ಸಾಗಿಸಿದ ಹುಡುಗಿಯರು ಯಾವ ಊರಲ್ಲಿ ಎಷ್ಟು ಮಂದಿ ಎಂದು ಮನೆಮನೆಗೆ ಹೋಗಿ ಕೇಳಿ ಬರೆಯುವ ಕೆಲಸ. ಲೆಕ್ಕದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ.

ಆದರೂ ಮೊದಲ ವಾರ ಹೋದಲ್ಲೆಲ್ಲ ಸೊನ್ನೆ. 'ನಿಮ್ಮ ಮನೆಯವರನ್ನು ಅಪರಿಚಿತರು ಕರೆದೊಯ್ದಿದ್ದಾರೆಯೇ?' ಎಂದು ನಮೂನೆಯಲ್ಲಿತ್ತು. "ಇಲ್ರಿ" ಎನ್ನುತ್ತಿದ್ದರು. ನಾನು ಅಚ್ಚುಕಟ್ಟಾಗಿ ಸೊನ್ನೆ ಸುತ್ತುತ್ತಿದ್ದೆ.

ಹೊರಗಿರುವ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ನಾಗರ ಪಂಚಮಿ ಮುಗಿದ ಮರುದಿನ ಸಿಂದಗಿ ಕಡೆಯ ಒಂದು ಮನೆಯಲ್ಲೂ ಸೊನ್ನೆ ಬರೆದು ಎದ್ದೆ. ಹಬ್ಬದ ದಿನಗಳಲ್ಲಿ ನಮ್ಮಲ್ಲಿ ಯಾರನ್ನೂ ಬರಿಬಾಯಲ್ಲಿ ಕಳಿಸುವುದಿಲ್ಲ. ಮನೆಯಾಕೆ ಶೇಂಗಾ ಉಂಡಿಯ ಡಬ್ಬಿ ತೆರೆದಳು. ಒಳಗೊಂದು ಬಟ್ಟೆಯ ಗಂಟು ಬೇರೆಯೇ ಇತ್ತು.

"ಇದು ಯಾರಿಗವ್ವಾ?"

"ಮಗಳಿಗ್ರಿ. ಎರಡು ಪಂಚಮಿ ಆತು, ಬಂದಿಲ್ಲ. ಅಕಿ ಸೋದರತ್ತಿ ಪುಣೆದಾಗ ಕೆಲಸಕ್ಕ ಹಚ್ಚತೇನಿ ಅಂತ ಕರ್ಕೊಂಡು ಹೋದ್ಲು. ಫೋನಿನ್ಯಾಗ ಮಾತಾಡಾಕೂ ಬಿಡಂಗಿಲ್ರಿ. ಅಕಿ ಅಣ್ಣ ಕರಿಯಾಕ ಹೋದ್ರ, ಆ ವಿಳಾಸದಾಗ ಯಾರೂ ಇಲ್ಲ."

ನನ್ನ ಮೇಲೇ ಸಿಟ್ಟು ಬಂತು. ಅಪರಿಚಿತರ ಕೈಗೆ ಮಗಳನ್ನು ಯಾರು ಕೊಡುತ್ತಾರೆ? ಪ್ರಶ್ನೆಯೇ ತಪ್ಪಿದ್ದರೆ ಉತ್ತರ ಎಲ್ಲಿಂದ ಸರಿ ಬಂದೀತು ಎಂದು ಮಕ್ಕಳನ್ನು ಬೈದವಳು ನಾನು! ಇನ್ನು ಮುಂದೆ ಪ್ರತಿ ಮನೆಯಲ್ಲೂ 'ಪಂಚಮಿಗೆ ಯಾರು ಬರಲಿಲ್ರಿ?' ಎಂದೇ ಮೊದಲು ಕೇಳಬೇಕೆಂದು ಅಲ್ಲೇ ನಿರ್ಧರಿಸಿದೆ. ಹಾಗೆಯೇ ಕೇಳಿದೆ ಕೂಡ. ಮೇಲ್ವಿಚಾರಕ ಗೊಣಗಿದ; ಹಾಳೆಗಳು ತುಂಬತೊಡಗಿದ ಮೇಲೆ ಬಾಯಿ ಮುಚ್ಚಿಕೊಂಡ.

ಆದರೆ ಅಂದು ಸೊನ್ನೆ ಹೊಡೆದುಹಾಕಿ, ಒಂದು ಎಂದು ಬರೆದು, ಆಕೆಗೆ ಹೆಮ್ಮೆಯಿಂದ ತೋರಿಸಿದೆ. "ನಿಮ್ಮ ಮಗಳು ಲೆಕ್ಕಕ್ಕ ಬಂದ್ಲು ನೋಡ್ರಿ."

ಆಕೆ ಹಾಳೆಯನ್ನು ತಿರುಗಿಸಿ ನೋಡಿದಳು. "ಹೆಸರು ಎಲ್ಲೈತ್ರಿ?"

ಯಾರ ಗುಟ್ಟೂ ಹೊರಬೀಳಬಾರದೆಂದು ನಮೂನೆಯಲ್ಲಿ ಹೆಸರಿಗೆ ಜಾಗವಿರಲಿಲ್ಲ. ಅದನ್ನೇ ಹೇಳಿದೆ.

"ಹೆಸರಿಲ್ದ ಹೆಂಗ ಹುಡುಕ್ತಾರ್ರಿ?"

ನಮೂನೆಯನ್ನು ಚೀಲಕ್ಕೆ ತುರುಕಿದೆ. ನನ್ನ ಸ್ವಂತ ವಹಿಯ ಹಾಳೆ ಹರಿದು, ಆಕೆ ಹೇಳಿದಂತೆ ಹುಡುಗಿಯ ಹೆಸರು, ವಯಸ್ಸು, ಅತ್ತೆಯ ಹೆಸರು ಬರೆದುಕೊಂಡೆ. "ಚಪ್ಪಲಿ ಹಾಕ್ಕೋರಿ, ಪೊಲೀಸ್ ಠಾಣೆಗೆ ಹೋಗೂಣು" ಎಂದೆ.

ಆಕೆ ಒಳಗೆ ಹೋಗಿ ಉಂಡಿಯ ಗಂಟು ತಂದಳು. ಅದ್ಯಾಕೆ ಎಂದು ಕೇಳಿದೆ.

"ಸಿಕ್ರ ಹಸಿದಿರ್ತಾಳಲ್ರಿ."